ತೋಟದ ಮನೆಯ ಬಚ್ಚಲಿಗೆ ಯಾವ ಗೀಸರ್: 3 ಕಿಲೋವ್ಯಾಟ್ ಇನ್‌ಸ್ಟಂಟೋ, 2 ಕಿಲೋವ್ಯಾಟ್ ಸ್ಟೋರೇಜೋ?

ಕೊಡಗಿನ ನಾಪೋಕ್ಲು ಕಡೆಯ ನಮ್ಮ ಮನೆಯಂತೆ ಟ್ರಾನ್ಸ್‌ಫಾರ್ಮರಿನಿಂದ ದೂರ, ತೋಟದ ನಡುವೆ ಇರುವ ಮನೆಗೆ 15 ಲೀಟರಿನ, 2 ಕಿಲೋವ್ಯಾಟಿನ ಸ್ಟೋರೇಜ್ ಗೀಸರೇ ಸರಿ ಎಂಬುದು ಎರಡನ್ನೂ ಬಳಸಿ ನೋಡಿದ ಮೇಲೆ ನನ್ನ ಖಚಿತ ಅಭಿಪ್ರಾಯ. ನೀರನ್ನು ತುಂಬಿಟ್ಟುಕೊಂಡು ಕಾಯಿಸುವ ಅದು ಒಳಬಚ್ಚಲಿನಲ್ಲಿದೆ, ನೆಂಟರಿಗೆಂದು ಕಟ್ಟಿಸಿದ ಹೊರಬಚ್ಚಲಿನಲ್ಲಿ, ನೀರು ಹರಿಯುತ್ತಿರುವಾಗಲೇ ಕಾಯಿಸಿ ಕೊಡುವ 3 ಕಿಲೋವ್ಯಾಟಿನ ಇನ್‌ಸ್ಟಂಟ್ ಗೀಸರ್ ಇದೆ. ಹೆಚ್ಚು ವ್ಯಾಟಿನದು ಬೇಗ ಕಾಯಿಸುತ್ತದೆ ಎಂಬ ಅಂಗಡಿಯ ಮಾತು ಸುಳ್ಳಲ್ಲ. ಆದರೆ ಅದರ ಮೇಲೆ ಅಚ್ಚಾಗಿರುವ ವ್ಯಾಟ್ 230 ವೋಲ್ಟ್ ಇದ್ದಾಗ ಮಾತ್ರ ಸಿಗುವಂಥದು.

ಫೆಬ್ರವರಿ-ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ತಡವಾಗಿ, ಸುತ್ತಲಿನ ತೋಟಗಳಲ್ಲಿ ಸ್ಪ್ರಿಂಕ್ಲರ್ ಮೋಟಾರುಗಳು ಓಡತೊಡಗಿದರೆ ನಮ್ಮ ಮೀಟರು 170 ವೋಲ್ಟ್ ತೋರಿಸುತ್ತದೆ. ಗೀಸರಿನ ಕಾಯಿಲ್‌ನ ರೋಧ ಹೆಚ್ಚುಕಡಿಮೆ ಬದಲಾಗುವುದಿಲ್ಲವಾದ್ದರಿಂದ ವೋಲ್ಟೇಜ್ ಇಳಿದಷ್ಟೇ ಪ್ರಮಾಣದಲ್ಲಿ ಆಂಪಿಯರೂ ಇಳಿಯುತ್ತದೆ. ವ್ಯಾಟ್ ಎಂಬುದು ಇವೆರಡರ ಗುಣಲಬ್ಧವಾಗಿರುವುದರಿಂದ ಅದಕ್ಕೆ ಎರಡೂ ಕಡೆಯಿಂದ ಪೆಟ್ಟು ಬೀಳುತ್ತದೆ. 13 ಆಂಪಿಯರ್ ಎಳೆಯಬೇಕಾದ ಇನ್‌ಸ್ಟಂಟ್ ಗೀಸರು 9.6 ಆಂಪಿಯರ್ ಎಳೆದು, 3000 ವ್ಯಾಟಿನ ಬದಲು ಸುಮಾರು 1640 ವ್ಯಾಟ್ ಕೊಡುತ್ತದೆ. ನಿಮಿಷಕ್ಕೆ 3 ಲೀಟರಿನಂತೆ ನಲ್ಲಿ ಬಿಟ್ಟರೆ ನೀರು 14 ಡಿಗ್ರಿ ಏರುವಲ್ಲಿ 8 ಡಿಗ್ರಿಯೂ ಏರುವುದಿಲ್ಲ. ಬೆಳಗಿನ ಚಳಿಯಲ್ಲಿ ಟ್ಯಾಂಕಿನ ನೀರು 16 ಡಿಗ್ರಿ ಇದ್ದರೆ ಮೈಮೇಲೆ ಬೀಳುವುದು 24 ಡಿಗ್ರಿಯ ನೀರು. ಅದನ್ನು ಬಿಸಿನೀರೆಂದು ನೆಂಟರಿಗೆ ಹೇಳುವ ಧೈರ್ಯ ನನಗಿಲ್ಲ.

ವೋಲ್ಟೇಜನ್ನು 230ಕ್ಕೆ ಏರಿಸಿ ಕೊಡುವ ಸ್ಟೆಬಿಲೈಜರ್ ಹಾಕಿ ಎಂದು ಸಲಹೆ ಕೊಡುವವರು ಬಹಳ ಮಂದಿ. ಈ ಕಿರಿಕಿರಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸ್ಟೆಬಿಲೈಜರ್ ಶಕ್ತಿಯನ್ನು ಹುಟ್ಟಿಸುವುದಿಲ್ಲ. ಗೀಸರಿಗೆ 230 ವೋಲ್ಟಿನಲ್ಲಿ 3000 ವ್ಯಾಟ್ ಕೊಡಬೇಕಾದರೆ ಅದು 170 ವೋಲ್ಟಿನ ಲೈನಿನಿಂದ 17.6 ಆಂಪಿಯರಿಗಿಂತ ಹೆಚ್ಚು ಎಳೆಯಲೇಬೇಕು. ಅದು 16 ಆಂಪಿಯರ್ ಪ್ಲಗ್ಗಿನ ಮಿತಿಯನ್ನೇ ದಾಟಿತು. ಅಷ್ಟು ಕರೆಂಟ್ ಹರಿದಾಗ ಕಂಬದಿಂದ ಮನೆಯವರೆಗಿನ ಉದ್ದದ ತಂತಿಯಲ್ಲೇ ಇನ್ನಷ್ಟು ವೋಲ್ಟ್ ನಷ್ಟವಾಗಿ, 170 ಇದ್ದದ್ದು ಇನ್ನೂ ಕೆಳಗಿಳಿಯುತ್ತದೆ. ಇಳಿದ ಕೊರತೆಯನ್ನು ತುಂಬಲು ಸ್ಟೆಬಿಲೈಜರ್ ಮತ್ತಷ್ಟು ಎಳೆಯುತ್ತದೆ, ಒಳಗಿನ ರಿಲೇ ಟಕಟಕ ಎನ್ನುತ್ತಿರುತ್ತದೆ, ಅಡುಗೆಮನೆಯ ಬಲ್ಬು ಮಂಕಾಗುತ್ತದೆ. ತಂತಿಯಲ್ಲಿ ಶಾಖವಾಗಿ ಪೋಲಾಗುವ ಶಕ್ತಿ ಆಂಪಿಯರಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, 9.6ರ ಜಾಗದಲ್ಲಿ 17.6 ಹರಿದರೆ ಆ ನಷ್ಟ ಮೂರು ಪಟ್ಟು ಮೀರುತ್ತದೆ. ಒಂದೇ ಲೈನಿನ ಹತ್ತು ಮನೆಯವರೂ ಇದನ್ನೇ ಮಾಡಿದರೆ ಕೊನೆಯ ಮನೆಯ ಗತಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಸ್ಟೋರೇಜ್ ಗೀಸರಿಗೂ ಅದೇ ಪೆಟ್ಟು ಬೀಳುತ್ತದೆ: 2000 ವ್ಯಾಟ್ 1100ರ ಆಸುಪಾಸಿಗೆ ಇಳಿಯುತ್ತದೆ. ಆದರೆ 15 ಲೀಟರ್ ನೀರನ್ನು 35 ಡಿಗ್ರಿ ಏರಿಸಲು 18 ನಿಮಿಷದ ಬದಲು ಅದು 34 ನಿಮಿಷ ತೆಗೆದುಕೊಳ್ಳುತ್ತದೆ, ಅಷ್ಟೇ. ಕೊನೆಗೆ ಸಿಗುವ ನೀರು ಅಷ್ಟೇ ಬಿಸಿ, ಖರ್ಚಾಗುವುದೂ ಸುಮಾರು 0.6 ಯೂನಿಟ್ಟೇ. ಕಾಫಿ ಮಾಡುವ ಮೊದಲು ಸ್ವಿಚ್ ಹಾಕಿ, ಕುಡಿದು ಮುಗಿಸಿ ಬಚ್ಚಲಿಗೆ ಹೋಗುವ ನನ್ನಂಥವನಿಗೆ ಆ ಕಾಯುವಿಕೆ ಲೆಕ್ಕಕ್ಕೇ ಬರುವುದಿಲ್ಲ. ತಣ್ಣೀರು ಬೆರೆಸಿದರೆ ಒಂದೂವರೆ ಬಕೆಟ್ ಸ್ನಾನದ ನೀರಾಗುತ್ತದೆ.

ಬೆಲೆಯಲ್ಲಿ ಇನ್‌ಸ್ಟಂಟ್ ಅಗ್ಗ. ಆದರೆ ಸ್ಟೆಬಿಲೈಜರಿನ ದುಡ್ಡು ಸೇರಿಸಿದರೆ ಆ ಮಾತು ನಿಲ್ಲುವುದಿಲ್ಲ. ಮಳೆಗಾಲದಲ್ಲಿ ಸಿಲ್ವರ್ ಓಕ್ ಮುರಿದು ಲೈನಿನ ಮೇಲೆ ಬಿದ್ದ ದಿನ ಎರಡೂ ನಿರುಪಯೋಗಿ, ಸೌದೆ ಒಲೆಯ ಹಂಡೆಯೇ ಗತಿ.

ಮಡಿಕೇರಿ ಪೇಟೆಯಲ್ಲಿ, ಟ್ರಾನ್ಸ್‌ಫಾರ್ಮರಿನ ಪಕ್ಕದಲ್ಲೇ ಮನೆಯಿದ್ದು ಬೆಳಿಗ್ಗೆಯೂ ಸಂಜೆಯೂ ವೋಲ್ಟೇಜ್ 220ಕ್ಕಿಂತ ಇಳಿಯದಿದ್ದರೆ, ಪಾತ್ರೆ ತೊಳೆಯುವ ಸಿಂಕಿಗೆ ಇನ್‌ಸ್ಟಂಟನ್ನು ಧಾರಾಳವಾಗಿ ಹಾಕಿಸಬಹುದು. ನಮ್ಮ ಹೊರಬಚ್ಚಲಿನದನ್ನು ಮಾತ್ರ ಈ ಸಲದ ಕಾಫಿ ದುಡ್ಡು ಕೈಸೇರಿದ ಮೇಲೆ ಬದಲಾಯಿಸುವುದೆಂದು ತೀರ್ಮಾನಿಸಿದ್ದೇನೆ.