ಅನಿಮೆಗಾಗಿ ವರ್ಷದ ಚಂದಾ ಕಟ್ಟುವ ಮುನ್ನ

ಅನಿಮೆ (ಜಪಾನಿನ ಅನಿಮೇಷನ್) ನೋಡಲು ಯಾವುದಾದರೂ ಸ್ಟ್ರೀಮಿಂಗ್ ಸೇವೆಗೆ ಇಡೀ ವರ್ಷದ ಚಂದಾ ಒಂದೇ ಸಲ ಕಟ್ಟಬೇಕೆಂದಿರುವವರು ದಯವಿಟ್ಟು ಸ್ವಲ್ಪ ತಡೆಯಿರಿ. ನಾನು ಹಾಗೆ ಕಟ್ಟಿದ ಕೆಲವೇ ತಿಂಗಳಲ್ಲಿ ಆ ಸೇವೆಯ ಸಬ್‌ಟೈಟಲ್‌ಗಳ ಗುಣಮಟ್ಟ ಕುಸಿಯಿತು.

ಜಪಾನಿ ಭಾಷೆ ಬಾರದ ನನಗೆ ಇಂಗ್ಲಿಷ್ ಸಬ್‌ಟೈಟಲ್‌ಗಳೇ ಆಧಾರ. ಅನಿಮೆಯಲ್ಲಿ ಪಾತ್ರಗಳ ಮಾತು ಮಾತ್ರವಲ್ಲ, ಅಂಗಡಿಯ ಫಲಕ, ತರಗತಿಯ ಕರಿಹಲಗೆ, ಫೋನಿಗೆ ಬಂದ ಸಂದೇಶ, ಇವೆಲ್ಲವೂ ಕಥೆ ಹೇಳುತ್ತವೆ. ಮೊದಲು ಇವುಗಳ ಅನುವಾದವು ಮೂಲ ಬರಹದ ಪಕ್ಕದಲ್ಲೇ, ಅದಕ್ಕೆ ಹೊಂದುವ ಬಣ್ಣ ಮತ್ತು ಅಕ್ಷರಗಳಲ್ಲಿ ಕಾಣಿಸುತ್ತಿತ್ತು. ಅದು ಕೈಯಿಂದ ಮಾಡುವ, ತಾಳ್ಮೆ ಬೇಡುವ ಕೆಲಸ. ಖರ್ಚು ಇಳಿಸಬೇಕೆಂದಾಗ ಮೊದಲು ಕತ್ತರಿ ಬೀಳುವುದೂ ಇಂಥದ್ದಕ್ಕೇ. ಒಂದು ಕಂತಿನಲ್ಲಿ ನಾಯಕಿ ಫೋನಿನ ಸಂದೇಶ ಓದಿ ಅಳತೊಡಗಿದಳು, ಅದೇ ಹೊತ್ತಿಗೆ ಪಕ್ಕದಲ್ಲಿ ಗೆಳತಿ ಊಟದ ವಿಷಯ ಮಾತಾಡುತ್ತಿದ್ದಳು. ತೆರೆಯ ಮೇಲೆ ಬಂದದ್ದು ಊಟದ ಮಾತಿನ ಅನುವಾದ ಮಾತ್ರ. ಅವಳು ಏಕೆ ಅತ್ತಳೆಂದು ತಿಳಿಯಲು ನಾನು ಟಿವಿಯ ಫೋಟೊ ತೆಗೆದು ಅನುವಾದದ ಆ್ಯಪ್‌ಗೆ ಹಾಕಬೇಕಾಯಿತು. ಹಣ ಕೊಟ್ಟು ನೋಡುವವರಿಗೆ ಇಂಥ ಸ್ಥಿತಿ ಬರಬಾರದು. ದೂರು ಬರೆದಾಗ, ವಾರ್ಷಿಕ ಚಂದಾ ಮರಳಿಸಲು ಅವಕಾಶವಿಲ್ಲ ಎಂಬ ಎರಡು ಸಾಲಿನ ಉತ್ತರ ಬಂತು.

ಬೇರೆ ಸೇವೆಗೆ ಹೋಗೋಣವೆಂದರೆ, ನಾನು ನೋಡುತ್ತಿದ್ದ ಸರಣಿಯ ಪ್ರಸಾರದ ಹಕ್ಕು ಇನ್ನಾರ ಬಳಿಯೂ ಇರಲಿಲ್ಲ.

ನನ್ನ ದೂರಿನಿಂದ ಬೇರೆಯಾದ, ಎಲ್ಲರಿಗೂ ತಿಳಿದಿರುವ ಒಂದು ಸಂಗತಿಯನ್ನೂ ಹೇಳಬೇಕು. 2017ರಲ್ಲಿ ಅನಿಮೆ ತೋರಿಸುತ್ತಿದ್ದ ಅಮೆರಿಕದ ಫ್ಯುನಿಮೇಷನ್ ಸಂಸ್ಥೆಯ ಬಹುಪಾಲನ್ನು ಕೊಂಡ ಸೋನಿ ಸಮೂಹವು, 2021ರಲ್ಲಿ ಅದರ ಪ್ರತಿಸ್ಪರ್ಧಿಯಾಗಿದ್ದ ಕ್ರಂಚಿರೋಲ್ ಅನ್ನೂ ಸುಮಾರು 117.5 ಕೋಟಿ ಡಾಲರಿಗೆ ತನ್ನದಾಗಿಸಿಕೊಂಡಿತು. 2024ರ ಏಪ್ರಿಲ್ 2ರಂದು ಫ್ಯುನಿಮೇಷನ್ ಆ್ಯಪ್ ಮುಚ್ಚಿತು. ಡಿಸ್ಕ್ ಕೊಂಡಾಗ ದೊರೆತ ಕೋಡ್ ಬಳಸಿ ಅಲ್ಲಿ ಡಿಜಿಟಲ್ ಪ್ರತಿಗಳನ್ನು ಸೇರಿಸಿಟ್ಟುಕೊಂಡಿದ್ದವರಿಗೆ ಅವು ಕ್ರಂಚಿರೋಲ್‌ಗೆ ವರ್ಗವಾಗಲಿಲ್ಲ. ತಮ್ಮದೆಂದು ನಂಬಿದ್ದನ್ನು ಅವರು ಹೀಗೆ ಕಳೆದುಕೊಂಡದ್ದು ನನಗೆ ಇಂದಿಗೂ ನೋವಿನ ವಿಷಯ. ಆಯ್ಕೆಗಳು ಕಡಿಮೆಯಾದಷ್ಟೂ ನೋಡುಗನ ದೂರಿಗೆ ತೂಕ ಕಡಿಮೆಯಾಗುತ್ತದೆ.

ಆದ್ದರಿಂದ ರಿಯಾಯಿತಿ ಎಷ್ಟೇ ಇದ್ದರೂ ತಿಂಗಳ ಚಂದಾದಿಂದಲೇ ಆರಂಭಿಸಿ. ಮಾತು ಮತ್ತು ಬರಹ ಎರಡೂ ಒಟ್ಟಿಗೆ ಬರುವ ದೃಶ್ಯವನ್ನು ಹೊಸ ಕಂತುಗಳಲ್ಲೇ ಹುಡುಕಿ ನೋಡಿ, ಏಕೆಂದರೆ ಹಳೆಯ ಸರಣಿಗಳಲ್ಲಿ ಹಿಂದಿನ ಒಳ್ಳೆಯ ಕೆಲಸ ಇನ್ನೂ ಉಳಿದಿರಬಹುದು. ಯುಪಿಐ ಆಟೋಪೇ ಮೂಲಕ ಕಟ್ಟಿದ್ದರೆ ಅನುಮತಿಯನ್ನು ನಿಮ್ಮ ಯುಪಿಐ ಆ್ಯಪ್‌ನಲ್ಲೇ ರದ್ದು ಮಾಡಬಹುದು. ನಾನು ಮೊನ್ನೆ ರದ್ದು ಮಾಡಿದೆ. ಕಟ್ಟಿದ ಹಣದಲ್ಲಿ ಇನ್ನೂ ನಾಲ್ಕು ತಿಂಗಳು ಉಳಿದಿವೆ.