ಪೀಕ್ ಫ್ಲೋ ಮೀಟರ್: ನಲವತ್ತು ದಾಟಿದ ಮೇಲೆ ಅಸ್ತಮಾ ಬಂದ ಪೇಂಟರ್ ಒಬ್ಬನ ವಿಮರ್ಶೆ

ಅಸ್ತಮಾ ಅಂತ ಗೊತ್ತಾದ ಮೇಲೆ ಮನೆಗೆ ಬಂದ ಸಾಮಾನುಗಳಲ್ಲಿ ನೋಡಲು ತೀರಾ ಸಾದಾ ಅಂದರೆ ಪೀಕ್ ಫ್ಲೋ ಮೀಟರ್, ಉಸಿರಿನ ರಭಸ ಅಳೆಯುವ ಸಾಧನ. ಒಂದು ಪ್ಲಾಸ್ಟಿಕ್ ಕೊಳವೆ, ಒಳಗೊಂದು ಸ್ಪ್ರಿಂಗ್, ಮೇಲೆ ಅಂಕಿಗಳ ಪಟ್ಟಿ, ಅದರಲ್ಲಿ ಜಾರುವ ಕೆಂಪು ಮುಳ್ಳು. ಅಷ್ಟೇ. ಬ್ಯಾಟರಿ ಇಲ್ಲ, ಸ್ಕ್ರೀನ್ ಇಲ್ಲ. ಇನ್‌ಹೇಲರ್ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ಈ ಕೊಳವೆಯನ್ನು ಯಾರೂ ಕ್ಯಾರೇ ಅನ್ನುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್. ಒಂದು ಸ್ಟಾರ್ ಯಾಕೆ ಕಳೆದೆ ಅಂತ ಮುಂದೆ ಹೇಳುತ್ತೇನೆ.

ನನ್ನದು ಗಾಡಿಗಳಿಗೆ ಸ್ಪ್ರೇ ಪೇಂಟ್ ಹೊಡೆಯುವ ಕೆಲಸ. ವಯಸ್ಸು ನಲವತ್ತಾರು. ಚಿಕ್ಕವನಿದ್ದಾಗ ಉಬ್ಬಸ, ಅಲರ್ಜಿ ಏನೂ ಇರಲಿಲ್ಲ. ಸಿಗರೇಟು ಸೇದಿದವನೂ ಅಲ್ಲ. ಹಾಗಾಗಿ ಕೆಮ್ಮು ಹತ್ತಿಕೊಂಡಾಗ ಅಸ್ತಮಾ ಇರಬಹುದು ಅಂತ ಯಾರಿಗೂ ಹೊಳೆಯಲಿಲ್ಲ. ಅದು ಮಕ್ಕಳಿಗೆ ಬರುವ ಕಾಯಿಲೆ ಅಲ್ವಾ ಅನ್ನುವುದು ಎಲ್ಲರ ಲೆಕ್ಕ. ನನಗೆ ಸುಯ್ ಸುಯ್ ಸದ್ದೂ ಜಾಸ್ತಿ ಇರಲಿಲ್ಲ. ಒಣ ಕೆಮ್ಮು, ಎದೆ ಬಿಗಿತ, ಬೆಳಗಿನ ಜಾವ ಮೂರು ನಾಲ್ಕರ ಹೊತ್ತಿಗೆ ಎದ್ದು ಕೂರುವುದು. ಒಂದು ಕ್ಲಿನಿಕ್‌ನಲ್ಲಿ ಸಿರಪ್ ಕೊಟ್ಟರು, ಇನ್ನೊಂದರಲ್ಲಿ ಆಂಟಿಬಯೋಟಿಕ್. ಎದೆಯ ಎಕ್ಸ್‌-ರೇ ತೆಗೆದರೆ ಏನೂ ಕಾಣಲಿಲ್ಲ. ಅಸ್ತಮಾ ಇರುವವರ ಎಕ್ಸ್‌-ರೇ ಸಾಮಾನ್ಯವಾಗಿ ಸರಿಯಾಗೇ ಇರುತ್ತದಂತೆ.

ಎದೆರೋಗದ ಡಾಕ್ಟರ್ ಹತ್ತಿರ ಹೋದಾಗ ಸ್ಪೈರೋಮೆಟ್ರಿ ಅನ್ನುವ ಉಸಿರಿನ ಪರೀಕ್ಷೆ ಮಾಡಿಸಿದರು. ಮೂಗಿಗೆ ಕ್ಲಿಪ್ ಸಿಕ್ಕಿಸಿ, ಉಸಿರು ಪೂರ್ತಿ ಖಾಲಿಯಾಗುವವರೆಗೆ ಊದಿಸುತ್ತಾರೆ. ಆಮೇಲೆ ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಔಷಧ ಕೊಟ್ಟು, ಸ್ವಲ್ಪ ಹೊತ್ತು ಕೂರಿಸಿ ಮತ್ತೆ ಊದಿಸುತ್ತಾರೆ. ಮೊದಲ ಒಂದು ಸೆಕೆಂಡಿನಲ್ಲಿ ಹೊರಬರುವ ಗಾಳಿ ಶೇ. 12ಕ್ಕಿಂತ ಜಾಸ್ತಿ, ಅದರ ಜೊತೆಗೆ 200 ಮಿಲಿಲೀಟರ್‌ಗಿಂತಲೂ ಜಾಸ್ತಿ ಏರಿದರೆ ಅಸ್ತಮಾ ಕಡೆಗೆ ಬೆರಳು ತೋರಿಸುತ್ತದೆ. ನನ್ನದು ಏರಿತು. ಕಾಯಿಲೆಗೆ ಹೆಸರು ಸಿಕ್ಕಿತು. ಆದರೆ ಡಾಕ್ಟರ್ ಅಲ್ಲಿಗೆ ಬಿಡಲಿಲ್ಲ. "ಏನು ಕೆಲಸ ಮಾಡ್ತೀರಿ? ರಜೆ ಇದ್ದಾಗ ಕೆಮ್ಮು ಹೇಗಿರುತ್ತೆ?" ಅಂತ ಕೇಳಿದರು. ಮೊದಲನೆಯದಕ್ಕೆ ಉತ್ತರ ಇತ್ತು. ಎರಡನೆಯದನ್ನು ಯಾರು ಗಮನಿಸಿರುತ್ತಾರೆ ಹೇಳಿ! ಅವರು ಒಂದು ಚಾರ್ಟ್ ಕೈಗಿಟ್ಟು, ಮೀಟರ್ ತಗೊಂಡು ಊದಿ ಬರೆದುಕೊಂಡು ಬನ್ನಿ ಅಂದರು.

ಈ ಮೀಟರ್ ಅಳೆಯುವುದು ಒಂದೇ ಸಂಗತಿ. ನಿಮ್ಮ ಉಸಿರು ಎಷ್ಟು ರಭಸವಾಗಿ ಹೊರಗೆ ಬರುತ್ತದೆ ಅನ್ನುವುದು. ಲೆಕ್ಕ ನಿಮಿಷಕ್ಕೆ ಇಷ್ಟು ಲೀಟರ್ ಅಂತ. ದೊಡ್ಡವರ ಮೀಟರ್‌ನಲ್ಲಿ ಸಾಮಾನ್ಯವಾಗಿ 60ರಿಂದ 800ರವರೆಗೆ ಅಂಕಿ ಇರುತ್ತದೆ. ಅಸ್ತಮಾದಲ್ಲಿ ಶ್ವಾಸನಾಳಗಳು ಊದಿಕೊಂಡು ಬಿಗಿಯಾಗುತ್ತವೆ, ಆಗ ರಭಸ ಇಳಿಯುತ್ತದೆ. ಕಂಪ್ರೆಸರ್ ಪೈಪು ಎಲ್ಲೋ ಮಡಚಿಕೊಂಡರೆ ಗನ್‌ನಲ್ಲಿ ಪ್ರೆಷರ್ ಬೀಳುತ್ತದಲ್ಲ, ಅದೇ ಲೆಕ್ಕ. ಇದನ್ನು ಕಂಡುಹಿಡಿದವರು ಬ್ರಿಟನ್ನಿನ ಬೇಸಿಲ್ ಮಾರ್ಟಿನ್ ರೈಟ್, 1950ರ ದಶಕದಲ್ಲಿ. ಆಗಿನದು ದುಂಡು ಡಯಲ್ ಇದ್ದ ಭಾರದ ಯಂತ್ರ. ಜೇಬಿಗೆ ಹಾಕಿಕೊಳ್ಳುವಂಥ ಮಿನಿ ರೈಟ್ ಬಂದದ್ದು 1970ರ ದಶಕದಲ್ಲಿ. ಈಗ ಸಿಗುವ ಕೊಳವೆಗಳೆಲ್ಲ ಹೆಚ್ಚುಕಮ್ಮಿ ಅದರ ಬಳಗವೇ.

ಊದುವುದು ಸುಲಭ, ಸರಿಯಾಗಿ ಊದುವುದು ಕಲಿಯಬೇಕು. ಮುಳ್ಳನ್ನು ತಳಕ್ಕೆ ತಂದಿಟ್ಟುಕೊಂಡು ಎದ್ದು ನಿಲ್ಲಬೇಕು. ಎದೆ ತುಂಬ ಉಸಿರು ಎಳೆದು, ತುಟಿಯಿಂದ ಕೊಳವೆ ಬಾಯಿ ಭದ್ರವಾಗಿ ಮುಚ್ಚಿ, ಒಂದೇ ಏಟಿಗೆ ಜೋರಾಗಿ ಊದಬೇಕು. ಸ್ಪೈರೋಮೆಟ್ರಿ ಥರ ಉದ್ದಕ್ಕೆ ಎಳೆಯುವ ಅಗತ್ಯ ಇಲ್ಲ. ಬೆರಳು ಮುಳ್ಳಿಗೆ ಅಡ್ಡ ಬರಬಾರದು, ನಾಲಿಗೆ ರಂಧ್ರಕ್ಕೆ ಅಡ್ಡ ಬರಬಾರದು. ಹೀಗೆ ಮೂರು ಸಲ ಊದಿ, ಅದರಲ್ಲಿ ಜಾಸ್ತಿ ಬಂದದ್ದನ್ನು ಬರೆಯಬೇಕು. ಸರಾಸರಿ ಅಲ್ಲ. ಕೆನ್ನೆ ಉಬ್ಬಿಸಿ ತೂ ಅಂತ ಉಗುಳುವ ಹಾಗೆ ಊದಿದರೆ ಮುಳ್ಳು ಸುಳ್ಳು ಸುಳ್ಳೇ ಮೇಲೆ ಹಾರುತ್ತದೆ. ಗ್ಯಾರೇಜಿನ ಹುಡುಗ ಹಾಗೇ ಊದಿ, "ಅಣ್ಣಾ, ನಂದು ಏಳ್ನೂರು!" ಅಂತ ಕುಣಿದಿದ್ದ.

ಹೊಸ ಅಸ್ತಮಾದವರಿಗೆ ಸಾಮಾನ್ಯವಾಗಿ ಬೆಳಿಗ್ಗೆ ಸಂಜೆ ಊದಲು ಹೇಳುತ್ತಾರೆ, ಎರಡು ವಾರ. ಕೆಲಸದಿಂದ ಬಂದಿದೆ ಅಂತ ಅನುಮಾನ ಇದ್ದರೆ ದಿನಕ್ಕೆ ಕನಿಷ್ಠ ನಾಲ್ಕು ಹೊತ್ತು, ಸುಮಾರು ನಾಲ್ಕು ವಾರ. ಮಧ್ಯದಲ್ಲಿ ರಜಾ ದಿನಗಳು ಬರಲೇಬೇಕು, ಆಗಲೂ ಊದಲೇಬೇಕು. ಬೇಜಾರಿನ ಕೆಲಸ, ಸುಳ್ಳು ಹೇಳುವುದಿಲ್ಲ. ಗಿರಾಕಿ ಬಂದು ಎದುರಿಗೆ ನಿಂತಿರುವಾಗ ಮೂಲೆಗೆ ಹೋಗಿ ಬುಸ್ ಬುಸ್ ಅಂತ ಊದಿ ಬರಬೇಕು.

ಆದರೆ ಚಾರ್ಟ್ ತುಂಬುತ್ತಾ ಬಂದ ಹಾಗೆ ಗೆರೆಗೆ ಒಂದು ಆಕಾರ ಬಂತು. ಕೆಲಸದ ದಿನ ಬೆಳಿಗ್ಗೆ 450ರ ಹತ್ತಿರ. ಸಂಜೆಗೆ 390. ಮಲಗುವ ಹೊತ್ತಿಗೆ 340. ವಾರ ಮುಗಿಯುತ್ತಾ ಬಂದಂತೆ ಬೆಳಗಿನ ಅಂಕಿಯೂ ಕೆಳಗೆ ಜಾರುತ್ತಿತ್ತು. ರಜೆಯ ಮೊದಲ ದಿನ ದೊಡ್ಡ ವ್ಯತ್ಯಾಸ ಇಲ್ಲ, ಎರಡನೇ ದಿನ ಏರಿಕೆ. ಮದುವೆಗೆ ಅಂತ ಊರ ಹೊರಗೆ ಹೋಗಿ ಕೆಲಸದಿಂದ ದೂರ ಇದ್ದ ವಾರ ಗೆರೆ 480ರ ಮೇಲೆ ನೇರವಾಗಿ ನಿಂತಿತ್ತು. ಮದುವೆ ಮನೆಯ ಧೂಳು, ಹೊಗೆ, ನಿದ್ದೆಗೇಡು ಎಲ್ಲ ಇದ್ದೂ! ಹೆಂಡತಿ ಚಾರ್ಟ್ ನೋಡಿ, "ರೀ, ಇದು ನಿಮ್ಮ ಡ್ಯೂಟಿ ಪಟ್ಟಿ ಇದ್ದ ಹಾಗೇ ಇದೆಯಲ್ಲಾ" ಅಂದಳು. ಡಾಕ್ಟರ್ ಹೇಳಿದ್ದೂ ಅದನ್ನೇ, ಬೇರೆ ಮಾತಿನಲ್ಲಿ.

ಕಾರಣ ಹಾರ್ಡನರ್. ಟೂ-ಪ್ಯಾಕ್ ಪೇಂಟ್‌ಗೆ, ಮೇಲಿನ ಹೊಳಪಿನ ಕ್ಲಿಯರ್ ಕೋಟ್‌ಗೆ ಗಟ್ಟಿಯಾಗಲಿ ಅಂತ ಬೆರೆಸುವ ಈ ಹಾರ್ಡನರ್‌ನಲ್ಲಿ ಐಸೋಸಯನೇಟ್ ಅನ್ನುವ ರಾಸಾಯನಿಕ ಇರುತ್ತದೆ. ಕೆಲಸದಿಂದ ಬರುವ ಅಸ್ತಮಾಕ್ಕೆ ಇದು ಬಹಳ ಹೆಸರಾದ ಕಾರಣ. ನಾವೆಲ್ಲ ಬೈಯುತ್ತಿದ್ದದ್ದು ಥಿನ್ನರ್‌ ಅನ್ನು, ಯಾಕೆಂದರೆ ಮೂಗಿಗೆ ಹೊಡೆಯುವುದು ಅದೇ. ಐಸೋಸಯನೇಟ್ ಅಪಾಯದ ಮಟ್ಟದಲ್ಲಿದ್ದರೂ ಮೂಗಿಗೆ ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಏನೂ ಮಾಡದೆ ಇದ್ದು ಒಂದು ದಿನ ದೇಹ ಅದಕ್ಕೆ ತಿರುಗಿಬೀಳುತ್ತದೆ. ಆಮೇಲೆ ಚೂರೇ ಚೂರು ಸಾಕು. ಇನ್ನೊಂದು ಮೋಸ ಅಂದರೆ, ಅದರ ಪೆಟ್ಟು ಕೆಲವರಿಗೆ ಗಂಟೆಗಟ್ಟಲೆ ತಡವಾಗಿ ಬೀಳುತ್ತದೆ. ಹಗಲು ಪೇಂಟ್ ಹೊಡೆಯುವ ಕೋಣೆಯಲ್ಲಿ, ಅಂದರೆ ಬೂತ್‌ನಲ್ಲಿ ಆರಾಮ, ರಾತ್ರಿ ಮನೆಯಲ್ಲಿ ಕೆಮ್ಮು. ಹಾಗಾಗಿ ಎಲ್ಲರೂ ಮನೆಯ ಹಾಸಿಗೆಯನ್ನೋ ಫ್ಯಾನನ್ನೋ ದೂರುತ್ತಾರೆ. ನಾಲ್ಕು ಹೊತ್ತಿನ ಅಂಕಿ ಇಲ್ಲದೆ ಇದು ಸಿಕ್ಕಿಬೀಳುತ್ತಿರಲಿಲ್ಲ. ಈ ಕೊಳವೆಗೆ ನಾನು ಕೊಟ್ಟ ನಾಲ್ಕು ಸ್ಟಾರ್‌ನಲ್ಲಿ ಮೂರು ಇದೊಂದಕ್ಕೇ.

ಇನ್ನು ದೂರುಗಳು. ಮೀಟರ್ ಜೊತೆ ಬರುವ ಸೂಚನೆ ಚೀಟಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇರುತ್ತದೆ, ನಲವತ್ತು ದಾಟಿದ ಕಣ್ಣಿಗೆ ಕಷ್ಟ. ನನ್ನ ಮೊದಲ ಮೀಟರ್‌ನ ಮುಳ್ಳು ತೊಳೆದ ಮೇಲೆ ಅಂಟಿಕೊಳ್ಳಲು ಶುರುವಾಯಿತು. ಪೂರ್ತಿ ಒಣಗಿಸಿದರೂ ಅಷ್ಟೇ. ಕಂಪನಿ ಹೆಸರು ಬೇಡ ಬಿಡಿ. ಗ್ಯಾರೇಜಿನಲ್ಲಿ ಇಡಲು ಅಂತ ಬೇರೆ ಕಂಪನಿಯದು ಒಂದು ತಂದರೆ ಎರಡಕ್ಕೂ ತಾಳೆಯೇ ಇಲ್ಲ. ಒಂದರಲ್ಲಿ 430, ಇನ್ನೊಂದರಲ್ಲಿ ಅದೇ ಉಸಿರಿಗೆ 400ಕ್ಕಿಂತ ಕೆಳಗೆ. ಮೀಟರ್‌ಗಳ ಅಂಕಿಪಟ್ಟಿಯಲ್ಲೇ ಬೇರೆ ಬೇರೆ ಅಳತೆಗಳಿವೆ, ಬ್ರಿಟನ್ ಕೂಡ 2004ರಲ್ಲಿ ಹಳೆ ರೈಟ್ ಅಳತೆ ಬಿಟ್ಟು ಹೊಸ ಯುರೋಪಿಯನ್ ಅಳತೆಗೆ ಹೋಯಿತು. ಪಕ್ಕದ ಮನೆಯವರ ಅಂಕಿಗೂ ನಿಮ್ಮ ಅಂಕಿಗೂ ಹೋಲಿಕೆ ಮಾಡುವುದರಲ್ಲಿ ಅರ್ಥ ಇಲ್ಲ. ವಯಸ್ಸು, ಎತ್ತರ, ಗಂಡು ಹೆಣ್ಣು ಇದರ ಮೇಲೂ ಅಂಕಿ ಬದಲಾಗುತ್ತದೆ. ಅದಕ್ಕೇ ನಿಮ್ಮದೇ ಮೀಟರ್, ನಿಮ್ಮದೇ ಅತಿ ಒಳ್ಳೆಯ ಅಂಕಿ, ಅದೇ ಲೆಕ್ಕ. ನಾನು ಈಗ ಒಂದೇ ಮೀಟರ್ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತೇನೆ.

ಹಸಿರು, ಹಳದಿ, ಕೆಂಪು ಕ್ಲಿಪ್‌ಗಳು ಬರುತ್ತವಲ್ಲ, ಅವನ್ನು ಡಾಕ್ಟರ್ ಜೊತೆ ಕೂತು ಸಿಕ್ಕಿಸಿಕೊಳ್ಳಿ. ಅತಿ ಒಳ್ಳೆಯ ಅಂಕಿಯ ಶೇ. 80ಕ್ಕಿಂತ ಮೇಲಿದ್ದರೆ ಹಸಿರು, 50ರಿಂದ 80 ಹಳದಿ, 50ಕ್ಕಿಂತ ಕೆಳಗೆ ಕೆಂಪು. ಕೆಂಪು ಅಂದರೆ ರಿಲೀವರ್ (ಉಸಿರು ಕಟ್ಟಿದಾಗ ತಕ್ಷಣಕ್ಕೆ ಎಳೆಯುವ ಇನ್‌ಹೇಲರ್) ತಗೊಂಡು ಆಸ್ಪತ್ರೆ ದಾರಿ ಹಿಡಿಯುವುದು, ಯೋಚನೆ ಮಾಡುತ್ತಾ ಕೂರುವುದಲ್ಲ. ಒಂದು ವಾಕ್ಯ ಪೂರ್ತಿ ಹೇಳಲೂ ಆಗದಷ್ಟು ಏದುಸಿರು ಬಂದರೆ ಮೀಟರ್ ಹುಡುಕಲೇ ಬೇಡಿ. ಅಂಕಿ ಸರಿ ಇದೆ ಅಂತ ಮೈಯ ಮಾತು ತಳ್ಳಿಹಾಕುವುದೂ ಬೇಡ. ಇದು ದೊಡ್ಡ ನಾಳಗಳ ಸ್ಥಿತಿಯನ್ನು ಚೆನ್ನಾಗಿ ಹೇಳುತ್ತದೆ, ಸಣ್ಣ ನಾಳಗಳದ್ದು ಅಷ್ಟಾಗಿ ಹಿಡಿಯುವುದಿಲ್ಲ. ಮನಸ್ಸಿಲ್ಲದೆ ಊದಿದರೆ ಅಂಕಿಯೂ ಹಾಗೇ ಬರುತ್ತದೆ. ಕಳೆದ ಸ್ಟಾರ್ ಇಲ್ಲಿಗೆ ಹೋಯಿತು.

ಎಲೆಕ್ಟ್ರಾನಿಕ್ ಮೀಟರ್ ಕೂಡ ಕೆಲವು ದಿನ ಎರವಲು ತಂದು ನೋಡಿದೆ. ಅಂಕಿಯ ಜೊತೆ ಸಮಯವೂ ತಾನೇ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ಕೂತು ಒಟ್ಟಿಗೆ ಬರೆದು ತುಂಬಿಸುವ ಆಟ ನಡೆಯುವುದಿಲ್ಲ. ಆ ಲೆಕ್ಕದಲ್ಲಿ ಅದು ಮೇಲು. ಆದರೂ ನನಗೆ ಕಾಗದದ ಚಾರ್ಟೇ ಇಷ್ಟ. ಪೆನ್ನಿನಲ್ಲಿ ಎಳೆದ ಗೆರೆ ಗೋಡೆಯ ಮೇಲಿದ್ದರೆ ಮನೆಯವರೆಲ್ಲರಿಗೂ ಕಾಣುತ್ತದೆ.

ಮೀಟರ್ ಕೈಯಲ್ಲಿದ್ದರೆ ಬೇರೆ ಸಾಮಾನುಗಳನ್ನೂ ಪರೀಕ್ಷೆ ಮಾಡಬಹುದು. ಇನ್‌ಹೇಲರ್‌ಗೆ ಸಿಕ್ಕಿಸುವ ಪ್ಲಾಸ್ಟಿಕ್ ಡಬ್ಬಿ, ಅಂದರೆ ಸ್ಪೇಸರ್ ಹಾಕಿಕೊಂಡು ರಿಲೀವರ್ ತಗೊಂಡು, ಒಂದು ಕಾಲು ಗಂಟೆ ಬಿಟ್ಟು ಊದಿದಾಗ ಅಂಕಿ ಏರುವುದನ್ನು ಕಣ್ಣಾರೆ ನೋಡಿದೆ. ಅಲ್ಲಿಯವರೆಗೆ ಆ ಪ್ಲಾಸ್ಟಿಕ್ ಡಬ್ಬಿ ಮಕ್ಕಳಿಗೆ ಅಂತಲೇ ನನ್ನ ಭಾವನೆ. ಔಷಧ ಗಂಟಲಿಗೆ ಬಡಿದು ಅಲ್ಲೇ ಉಳಿಯುವ ಬದಲು ಒಳಗೆ ಇಳಿಯುತ್ತದೆ. ತೊಳೆದ ಮೇಲೆ ಬಟ್ಟೆಯಿಂದ ಒರೆಸಬೇಡಿ, ತಾನಾಗಿ ಒಣಗಲಿ. ಒರೆಸಿದರೆ ಸ್ಟ್ಯಾಟಿಕ್ ಹುಟ್ಟಿ ಔಷಧ ಡಬ್ಬಿಯ ಒಳಗೋಡೆಗೇ ಅಂಟಿಕೊಳ್ಳುತ್ತದೆ. ದಿನಾ ತಗೊಳ್ಳುವ ಸ್ಟೀರಾಯ್ಡ್ ಇನ್‌ಹೇಲರ್ ಮಾತ್ರ ತಕ್ಷಣ ಅಂಕಿ ಏರಿಸುವುದಿಲ್ಲ. ಅದಕ್ಕೆ ದಿನಗಳು, ವಾರಗಳು ಬೇಕು. ಏನೂ ಆಗಲಿಲ್ಲ ಅಂತ ಬಿಟ್ಟುಬಿಡುವವರೇ ಜಾಸ್ತಿ. ಬರೀ ರಿಲೀವರ್ ಒಂದನ್ನೇ ನಂಬಿಕೊಂಡಿರುವುದನ್ನು ಅಸ್ತಮಾದ ಜಾಗತಿಕ ಮಾರ್ಗಸೂಚಿ ಜೀನಾ 2019ರಿಂದಲೇ ಬೇಡ ಅಂದಿದೆ. ಇನ್‌ಹೇಲರ್ ಎಳೆಯುವುದನ್ನು ಗ್ಯಾರೇಜಿನವರು ನೋಡಿದರೆ ಏನಂದುಕೊಳ್ಳುತ್ತಾರೋ ಅಂತ ನನಗೂ ಮುಜುಗರ ಇತ್ತು, ಈಗ ಇಲ್ಲ.

ಈಗ ನಾನು ಬೂತ್ ಒಳಗೆ ಹೋಗುವುದಿಲ್ಲ. ಮಾಸ್ಕ್ ಹಾಕಿಕೊಂಡು ಹೊಡೆಯಬಹುದಲ್ಲಾ ಅಂತ ಕೇಳಿದವರಿದ್ದಾರೆ. ಧೂಳಿನ ಮಾಸ್ಕ್ ಇದಕ್ಕೆ ಏನೇನೂ ಸಾಲದು, ಹೊರಗಿನಿಂದ ಶುದ್ಧ ಗಾಳಿ ಪೈಪಿನಲ್ಲಿ ಬರುವಂಥದ್ದೇ ಬೇಕು. ಹೊಡೆದು ಮುಗಿದ ಮೇಲೂ ಬೂತ್ ಗಾಳಿ ಶುದ್ಧವಾಗುವವರೆಗೆ ಅದನ್ನು ತೆಗೆಯಬಾರದು. ನನ್ನಂತೆ ದೇಹ ಒಮ್ಮೆ ತಿರುಗಿಬಿದ್ದವನಿಗೆ ದೂರ ಇರುವುದೇ ದಾರಿ. ಹಾಗಾಗಿ ಎಸ್ಟಿಮೇಟ್ ಹಾಕುವುದು, ಟಿಂಕರಿಂಗ್ ನೋಡಿಕೊಳ್ಳುವುದು ನನ್ನ ಪಾಲಿಗೆ ಬಂದಿದೆ. ಬೇಗ ಗೊತ್ತಾಗಿ ಬೇಗ ದೂರವಾದಷ್ಟೂ ಸುಧಾರಿಸುವ ಸಾಧ್ಯತೆ ಜಾಸ್ತಿ. ಪೂರ್ತಿ ವಾಸಿಯಾಗುತ್ತದೆ ಅಂತ ಮಾತ್ರ ಯಾರೂ ಮಾತು ಕೊಡುವುದಿಲ್ಲ.

ಬೇಕರಿಯ ಹಿಟ್ಟು, ಮರದ ಪುಡಿ, ಸಲೂನಿನ ಬ್ಲೀಚ್ ಪುಡಿ, ಆಸ್ಪತ್ರೆಯ ಕ್ಲೀನಿಂಗ್ ದ್ರಾವಣ, ಸೋಲ್ಡರಿಂಗ್ ಹೊಗೆ. ಇವುಗಳ ಮಧ್ಯೆ ಕೆಲಸ ಮಾಡುತ್ತಾ ದೊಡ್ಡವರಾದ ಮೇಲೆ ಮೊದಲ ಸಲ ಅಸ್ತಮಾ ಬಂದಿದ್ದರೆ ಈ ಮೀಟರ್ ನಿಮಗೇ. ಅನುಮಾನ ಬಂದ ಕೂಡಲೇ ಸಿಟ್ಟಿನಲ್ಲಿ ಕೆಲಸ ಬಿಡಬೇಡಿ. ಡಾಕ್ಟರ್ ಜೊತೆ ಮಾತಾಡಿ, ಕೆಲಸದಲ್ಲಿರುವಾಗಲೇ ಚಾರ್ಟ್ ತುಂಬಿಸಿ. ಬಿಟ್ಟ ಮೇಲೆ ಕಾಯಿಲೆ ಕೆಲಸದಿಂದಲೇ ಬಂತು ಅಂತ ತೋರಿಸುವುದು ಕಷ್ಟ. ಕೊಳ್ಳುವಾಗ ದೊಡ್ಡವರ ಅಳತೆಯದೇ ಅಂತ ನೋಡಿ, ಅಂಕಿಗಳು ಉಜ್ಜಿದರೆ ಅಳಿಸುವಂಥ ಸ್ಟಿಕ್ಕರ್ ಆಗಿರದಿರಲಿ. ಮನೆಗೆ ತಂದ ದಿನ ಎಲ್ಲರಿಗೂ ಊದುವ ಆಸೆ ಬರುತ್ತದೆ, ಹಾಗಾಗಿ ಒಂದೆರಡು ಮೌತ್‌ಪೀಸ್ ಜಾಸ್ತಿಯೇ ತಂದುಬಿಡಿ.