ಮತ್ತೆ ಬಂದ ಬೆಳಗಿನ ಬಸ್ಸು: 2 ತಿಂಗಳು ಓಡಾಡಿದ ಮೇಲೆ

ಬಸ್ಸು ನಿಂತುಹೋದಾಗ ಬಡಾವಣೆಯವರೆಲ್ಲ ಮೊದಲು ಸುಮ್ನೆ ಬೈದುಕೊಂಡು ಕೂತಿದ್ದೆವು. ಆಮೇಲೆ 6 ಜನ ಸರದಿಯಲ್ಲಿ ನಿಲ್ದಾಣದಲ್ಲಿ ನಿಂತು ಬರೆದುಕೊಂಡೆವು: ಯಾರು, ಎಷ್ಟು ಗಂಟೆಗೆ, ಎಲ್ಲಿಗೆ. ನನ್ನ ಪಾಲಿಗೆ ಬಂದದ್ದು ಬೆಳಗಿನ 7ರಿಂದ 8. ಡಯಾಲಿಸಿಸ್‌ಗೆ ಹೋಗುವ ಹಿರಿಯರೊಬ್ಬರು ವಾರಕ್ಕೆ 3 ದಿನ ಬಾಡಿಗೆ ಗಾಡಿ ಹಿಡಿಯುತ್ತಿದ್ದರು. ಆ ಸಾಲು ಬರೆಯುವಾಗ ನನಗೆ ಗಂಟಲು ಕಟ್ಟಿತು. ಬಸ್ಸು ಮತ್ತೆ ಬಿಡಿ ಅಂತ ಹಾಕಿದ ಸಹಿಗಳ ಜೊತೆ ಈ ಪಟ್ಟಿಯನ್ನೂ ಕೊಟ್ಟ ಮೇಲೇ ಡಿಪೊದವರು ಕೂತು ಮಾತಾಡಿದ್ದು.

ಈಗ ಬೆಳಗಿನ ಟ್ರಿಪ್ ಚೆನ್ನಾಗಿದೆ. 5 ನಿಮಿಷಕ್ಕಿಂತ ಜಾಸ್ತಿ ತಡವಾಗುವುದು ಅಪರೂಪ. ವಯಸ್ಸಾದವರು ಸೀಟು ಹಿಡಿದು ಕೂರುವ ತನಕ ಕಂಡಕ್ಟರ್ ಸೀಟಿ ಊದುವುದಿಲ್ಲ. ಇದು ನನಗೆ ತುಂಬಾ ಹಿಡಿಸಿತು. ಮೆಟ್ಟಿಲು ಮಾತ್ರ ಎತ್ತರ, ಮಂಡಿನೋವಿದ್ದವರಿಗೆ ಯಾರಾದರೂ ಕೈ ಕೊಡಲೇಬೇಕು.

ಸಂಜೆ ಆರೂವರೆ ಆದಮೇಲೆ ಬಸ್ಸೇ ಇಲ್ಲ. ಕೆಲಸ ಮುಗಿಸಿದ ಹೆಂಗಸರು ಕತ್ತಲಲ್ಲಿ ನಡೆದೇ ಬರುತ್ತಾರೆ. ಇದು ಸರಿಯಲ್ಲ ಅಲ್ವಾ? ಅದಕ್ಕೇ 5ಕ್ಕೆ ಮೂರೂವರೆ ಅಂಕ.

ಸಂಜೆ ಯಾರ್ಯಾರಿಗೆ ಬಸ್ಸು ಬೇಕು ಅಂತ ಅದೇ ಥರ ಬರೆದುಕೊಳ್ಳುವ ಲೆಕ್ಕ ಈ ಸೋಮವಾರದಿಂದ ಶುರುವಾಗಿದೆ. ಈ ಬಸ್ಸು ಹತ್ತುವವರು ಒಂದೇ ಸ್ಟಾಪ್ ದೂರವಾದರೂ ಟಿಕೆಟ್ ಕೇಳಿ ತಗೊಳ್ಳಿ. ಟ್ರಿಪ್‌ನಲ್ಲಿ ಎಷ್ಟು ಜನ ಇದ್ದರು ಅಂತ ಡಿಪೊಗೆ ಗೊತ್ತಾಗುವುದು ಅದರಿಂದಲೇ.